ಒಂದು ಹೆಸರು, ಎರಡು ಗಿಡ: ಜೀವಿಗಳ ನಾಮಕರಣ ಮತ್ತು ವರ್ಗೀಕರಣ

ಮಲೆನಾಡು ಹಾಗೂ ಕರಾವಳಿಯ ಮನೆಗಳಲ್ಲಿ ಒಂದೆಲಗದ ತಂಬುಳಿ ಚಿರಪರಿಚಿತವಾದುದು. ತೇವದ ನೆಲದಲ್ಲಿ ಹಬ್ಬಿ ಬೆಳೆಯುವ ಈ ಸೊಪ್ಪನ್ನು ಕನ್ನಡಿಗರು ಬ್ರಾಹ್ಮಿ ಎಂದೂ ಕರೆಯುವುದುಂಟು. ಇದೇ ಸೊಪ್ಪು ತುಳುವಿನಲ್ಲಿ ತಿಮರೆ, ತಮಿಳಿನಲ್ಲಿ ವಲ್ಲಾರೈ, ತೆಲುಗಿನಲ್ಲಿ ಸರಸ್ವತಿ ಆಕು. ಆದರೆ ದೆಹಲಿಯಲ್ಲಿ ನೆಲಸಿರುವ ಕನ್ನಡಿಗರು ಅಲ್ಲಿನ ಮೂಲಿಕೆ ಅಂಗಡಿಯಲ್ಲಿ ಬ್ರಾಹ್ಮಿಯನ್ನು ಕೇಳಿದರೆ ಬೇರೊಂದು ಗಿಡವೇ ದೊರೆಯಬಹುದು. ಅದು ನೀರುಬ್ರಾಹ್ಮಿ.

ಇವೆರಡೂ ಪರಸ್ಪರ ಭಿನ್ನವಾದ ಸಸ್ಯಗಳು. ಒಂದೆಲಗದ ಎಲೆ ಅಗಲವಾಗಿದ್ದು, ಉದ್ದವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ದಪ್ಪನೆಯವು. ಕಾಂಡದ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಇರುತ್ತವೆ. ಮೊದಲನೆಯದರಲ್ಲಿ ಏಷಿಯಾಟಿಕೋಸೈಡ್ ಎಂಬ ರಾಸಾಯನಿಕವಿದ್ದರೆ, ಎರಡನೆಯದರಲ್ಲಿ ಬಾಕೋಸೈಡ್‌ಗಳಿವೆ. ಔಷಧಿಯ ವಿಷಯದಲ್ಲಿ ಒಂದರ ಬದಲು ಮತ್ತೊಂದನ್ನು ಬಳಸುವುದು ಸಲ್ಲದು. ಭಾರತದ ಆಯುರ್ವೇದ ಔಷಧಕೋಶವೂ ಒಂದೆಲಗವನ್ನು ಮಂಡೂಕಪರ್ಣಿ ಎಂದೂ, ನೀರುಬ್ರಾಹ್ಮಿಯನ್ನು ಬ್ರಾಹ್ಮಿ ಎಂದೂ ಪ್ರತ್ಯೇಕವಾಗಿ ಗುರುತಿಸಿದೆ.

ಎರಡು ಪದಗಳ ಹೆಸರು

ಇಂತಹ ಗೊಂದಲವನ್ನು ನಿವಾರಿಸಲು ವೈಜ್ಞಾನಿಕ ನಾಮಕರಣ ಪದ್ಧತಿಯು ನೆರವಾಗುತ್ತದೆ. ಸ್ವೀಡನ್ ದೇಶದ ವಿಜ್ಞಾನಿ ಕಾರ್ಲ್ ಲಿನೇಯಸ್ (1707–1778) 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಅದಕ್ಕೆ ಮೊದಲು ಒಂದು ಗಿಡವನ್ನು ಹೆಸರಿಸಲು ಲ್ಯಾಟಿನ್ ಭಾಷೆಯ ಒಂದು ಉದ್ದನೆಯ ವಾಕ್ಯಖಂಡವೇ ಬೇಕಾಗುತ್ತಿತ್ತು. 1758ರಲ್ಲಿ ಪ್ರಾಣಿಗಳಿಗೂ ಇದೇ ಕ್ರಮವನ್ನು ಅನ್ವಯಿಸಲಾಯಿತು. ಮೊದಲ ಪದವು ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಇದರಂತೆ ಒಂದೆಲಗವು ಸೆಂಟೆಲ್ಲಾ ಏಷಿಯಾಟಿಕಾ. ನೀರುಬ್ರಾಹ್ಮಿಯು ಬಕೋಪಾ ಮೊನ್ನೇರಿ. ಈ ಹೆಸರುಗಳು ಯಾವ ದೇಶಕ್ಕೆ ಹೋದರೂ ಬದಲಾಗವು.

ಕುಟುಂಬದಿಂದ ಸಾಮ್ರಾಜ್ಯದವರೆಗೆ

ಹೆಸರಿಸುವುದರ ಜೊತೆಗೆ ಸಂಬಂಧವನ್ನು ಗುರುತಿಸುವುದೂ ಜೀವವಿಜ್ಞಾನಿಯ ಕೆಲಸ. ಹತ್ತಿರದ ಪ್ರಭೇದಗಳು ಸೇರಿ ಜಾತಿ, ಜಾತಿಗಳು ಸೇರಿ ಕುಟುಂಬ, ಅನಂತರ ಗಣ, ವರ್ಗ, ವಿಭಾಗ, ಕೊನೆಗೆ ಸಾಮ್ರಾಜ್ಯ. ಹೀಗೆ ಮೆಟ್ಟಿಲುಗಳನ್ನು ರಚಿಸಲಾಗಿದೆ. ಒಂದೆಲಗವು ಕೊತ್ತಂಬರಿ, ಜೀರಿಗೆ, ಗಜ್ಜರಿಗಳ ಕುಟುಂಬಕ್ಕೆ ಸೇರಿದೆ. ನೀರುಬ್ರಾಹ್ಮಿಯು ಇಸಬ್‌ಗೋಲ್ ಗಿಡದ ಕುಟುಂಬಕ್ಕೆ ಸೇರಿದೆ.

ವರ್ಗೀಕರಣವು ಒಮ್ಮೆ ಬರೆದಿಟ್ಟು ಮುಗಿಸುವಂಥದಲ್ಲ. ಲಿನೇಯಸ್ ಒಂದೆಲಗವನ್ನು ಹೈಡ್ರೋಕೋಟೈಲ್ ಎಂಬ ಜಾತಿಯಲ್ಲಿ ಇರಿಸಿದ್ದನು. 1879ರಲ್ಲಿ ಜರ್ಮನಿಯ ಅರ್ಬನ್ ಅದನ್ನು ಸೆಂಟೆಲ್ಲಾ ಜಾತಿಗೆ ವರ್ಗಾಯಿಸಿದನು. ಆದರೂ ಏಷಿಯಾಟಿಕಾ ಎಂಬ ಎರಡನೆಯ ಪದವು ನಿಯಮದಂತೆ ಹಾಗೆಯೇ ಉಳಿಯಿತು. ನೀರುಬ್ರಾಹ್ಮಿಯನ್ನು ಹಿಂದೆ ಹೂವಿನ ರಚನೆಯ ಆಧಾರದಿಂದ ಬೇರೊಂದು ಕುಟುಂಬದಲ್ಲಿ ಸೇರಿಸಲಾಗಿತ್ತು; ಡಿಎನ್‌ಎ ಪರೀಕ್ಷೆಗಳ ಅನಂತರವೇ ಅದರ ನಿಜವಾದ ಬಂಧುಗಳು ತಿಳಿದುಬಂದವು.

ಹೆಸರಿಗೆ ಸಾಕ್ಷಿ

ಹೊಸ ಪ್ರಭೇದವೊಂದನ್ನು ಹೆಸರಿಸುವವರು ಅದರ ಲಕ್ಷಣಗಳನ್ನು ವಿವರಿಸಿ ಪ್ರಕಟಿಸಬೇಕು; ಮಾದರಿಯೊಂದನ್ನು ಸಂಗ್ರಹಾಲಯದಲ್ಲಿ ಇರಿಸಬೇಕು. ಮುಂದೆ ಸಂದೇಹ ಬಂದಾಗ ಆ ಮಾದರಿಯೇ ಸಾಕ್ಷಿ. 1890ರಲ್ಲಿ ಸ್ಥಾಪಿತವಾದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು ಹೌರಾದ ಕೇಂದ್ರೀಯ ಸಸ್ಯಸಂಗ್ರಹಾಲಯದಲ್ಲಿ ಇಂತಹ ಒಣಗಿಸಿದ ಮಾದರಿಗಳನ್ನು ಕಾಪಾಡಿಕೊಂಡು ಬಂದಿದೆ. ಪ್ರಾಣಿಗಳಿಗೆ ಸಂಬಂಧಿಸಿದ ಈ ಕಾರ್ಯವನ್ನು 1916ರಲ್ಲಿ ಆರಂಭವಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯು ನಿರ್ವಹಿಸುತ್ತಿದೆ.

ಊರ ಹೆಸರುಗಳನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಒಂದೆಲಗ ಎಂಬ ಮಾತಿನಲ್ಲಿಯೇ ಅದರ ಎಲೆಯ ಲಕ್ಷಣವು ಅಡಗಿದೆ. ತಂಬುಳಿಗೆ ಆ ಹೆಸರೇ ಸಾಕು. ಆದರೆ ಮೂಲಿಕೆಯನ್ನು ಔಷಧಿಗಾಗಿ ಕೊಳ್ಳುವಾಗ ಪೊಟ್ಟಣದ ಮೇಲಿನ ವೈಜ್ಞಾನಿಕ ಹೆಸರನ್ನೂ ಓದಿಕೊಳ್ಳುವುದು ಕ್ಷೇಮಕರ.