ಹತ್ತು ಕಿಲೋಮೀಟರ್ ಓಟ: ದೇಹದ ಆಯವ್ಯಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ — ಈ ಯಾವ ಊರಿನಲ್ಲಾದರೂ ನಸುಕಿನಲ್ಲಿ ಹೊರಟರೆ ಓಟದ ಅಭ್ಯಾಸದಲ್ಲಿ ತೊಡಗಿದ ತರುಣರನ್ನು ಕಾಣಬಹುದು. ಸೈನ್ಯದ ಭರ್ತಿಯಲ್ಲಿ ಓಡಬೇಕಾದ 1.6 ಕಿಲೋಮೀಟರ್ ಅವರಲ್ಲಿ ಹಲವರ ಗುರಿ. ಆ ದೂರವನ್ನು ಆರು ನಿಮಿಷದಲ್ಲಿ ಮುಗಿಸಬಲ್ಲ ಬಲಿಷ್ಠ ತರುಣನೊಬ್ಬನು ಹತ್ತು ಕಿಲೋಮೀಟರಿನ ಪಂದ್ಯಕ್ಕೆ ನಿಂತನೆನ್ನೋಣ. ಅದೇ ವೇಗದಲ್ಲಿ ಹೊರಟರೆ ಅರ್ಧ ದಾರಿಯೊಳಗೇ ಅವನ ಕಾಲು ಸೋಲುತ್ತದೆ. ಮೆಲ್ಲನೆ ಹೊರಟ ಸಾಧಾರಣ ಓಟಗಾರ್ತಿಯೊಬ್ಬಳು ಅವನನ್ನು ಹಿಂದಿಕ್ಕಿ ಗುರಿ ಮುಟ್ಟುತ್ತಾಳೆ. ಇದಕ್ಕೆ ಕಾರಣ ಧೈರ್ಯದ ಕೊರತೆಯಲ್ಲ, ದೇಹದ ಆಯವ್ಯಯ. ಅದೇನೆಂಬುದನ್ನು ವಿಚಾರಮಾಡೋಣ.

ಮಾಂಸಖಂಡಗಳಿಗೆ ಶಕ್ತಿ ಒದಗುವ ದಾರಿಗಳು ಮುಖ್ಯವಾಗಿ ಎರಡು. ರಕ್ತವು ತಂದೊಪ್ಪಿಸುವ ಆಮ್ಲಜನಕದ ನೆರವಿನಿಂದ ಶರ್ಕರವನ್ನೂ ಕೊಬ್ಬನ್ನೂ ಪೂರ್ಣವಾಗಿ ದಹಿಸುವುದು ಒಂದು. ಆಮ್ಲಜನಕಕ್ಕೆ ಕಾಯದೆ ಶರ್ಕರವನ್ನು ಅರೆಬರೆಯಾಗಿ ಒಡೆಯುವುದು ಇನ್ನೊಂದು. ಎರಡನೆಯದು ತ್ವರಿತವಾದುದು, ಆದರೆ ಅದನ್ನೇ ನೆಚ್ಚಿದರೆ ಖಂಡಗಳಲ್ಲಿ ಆಮ್ಲತೆ ಹೆಚ್ಚಿ ಬಹುಬೇಗ ಆಯಾಸವುಂಟಾಗುತ್ತದೆ. ಹತ್ತು ಕಿಲೋಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡ 95ರಷ್ಟಾದರೂ ಮೊದಲನೆಯ ದಾರಿಯಿಂದಲೇ ಬರಬೇಕು. ಆರಂಭದಲ್ಲಿಯೇ ರಭಸದಿಂದ ಓಡುವವನು ಸಾಲವೆತ್ತಿದಂತೆ. ಉಳಿದ ದಾರಿಯುದ್ದಕ್ಕೂ ಬಡ್ಡಿ ತೆರುತ್ತಾನೆ.

ಹಾಸನವು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ವಾಯುವಿನ ಒತ್ತಡ ಮಂಗಳೂರಿನ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಉಸಿರೊಂದಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಮೆ. ಬೆಂಗಳೂರೂ ಹೆಚ್ಚುಕಡಮೆ ಇದೇ ಎತ್ತರದಲ್ಲಿದೆ. ಆದುದರಿಂದ 2008ರಲ್ಲಿ ಅಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಪಂದ್ಯಕ್ಕೆ ಹಾಸನದವರು ಊರಿನಲ್ಲಿಯೇ ಸಿದ್ಧರಾಗಬಹುದು.

ಇನ್ನು ಶಾಖದ ವಿಷಯ. ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 60 ಕಿಲೋಗ್ರಾಂ ತೂಗುವವನಿಗೆ ಹತ್ತು ಕಿಲೋಮೀಟರಿಗೆ 600 ಕಿಲೋಕ್ಯಾಲೊರಿಯಾಯಿತು. ಸುಮಾರು 190 ಗ್ರಾಂ ರಾಗಿ ಹಿಟ್ಟಿನಲ್ಲಿ ಅಷ್ಟು ಶಕ್ತಿಯುಂಟು. ಯಕೃತ್ತಿನಲ್ಲಿಯೂ ಖಂಡಗಳಲ್ಲಿಯೂ ಕೂಡಿಟ್ಟ ಗ್ಲೈಕೊಜನ್ ಇದಕ್ಕೆ ಧಾರಾಳವಾಗಿ ಸಾಕು; ಪಂದ್ಯದ ಬೆಳಗ್ಗೆ ಹೊಟ್ಟೆ ಬಿರಿಯ ಉಣ್ಣಬೇಕಾಗಿಲ್ಲ. ಆದರೆ ಈ ಶಕ್ತಿಯ ಮುಕ್ಕಾಲು ಪಾಲು, ಎಂದರೆ 450 ಕಿಲೋಕ್ಯಾಲೊರಿ, ಶಾಖವಾಗಿ ಪರಿಣಮಿಸುತ್ತದೆ. ಅದೆಲ್ಲ ಒಳಗೇ ಉಳಿದರೆ 37 ಡಿಗ್ರಿಯಿರುವ ದೇಹದ ಉಷ್ಣತೆ 46ಕ್ಕೆ ಏರೀತು! ಪ್ರಾಣವುಳಿಸುವುದು ಬೆವರು. ಒಂದು ಗ್ರಾಂ ಬೆವರು ಆವಿಯಾಗುವಾಗ 0.58 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಮುಕ್ಕಾಲು ಲೀಟರಿಗೆ ತುಸು ಹೆಚ್ಚು ಬೆವರು ಆವಿಯಾದರೆ ಲೆಕ್ಕ ಸರಿಹೋಯಿತು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಈ ಪ್ರಯೋಜನವಿಲ್ಲ.

ಆದುದರಿಂದಲೇ ಊರೂರಿನ ಹವೆ ಓಟಗಾರನಿಗೆ ಮುಖ್ಯ. ಮಲೆನಾಡಿನ ಅಂಚಿಗಿರುವ ಅರಕಲಗೂಡಿನಲ್ಲಿ ಮಳೆಗಾಲದ ತೇವದ ಗಾಳಿ ಬೆವರನ್ನು ಬೇಗ ಹೀರದು. ಅಲ್ಲಿ ವೇಗವನ್ನು ತಗ್ಗಿಸಬೇಕು. ಬಯಲುಸೀಮೆಯ ಚನ್ನರಾಯಪಟ್ಟಣದ ಒಣ ಹವೆಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರುತ್ತದೆ. ನೀರಿನ ನಷ್ಟ ತಿಳಿಯುವುದೇ ಇಲ್ಲ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿಯೂ ಬೇಸಗೆಯಲ್ಲಿ ಬಿಸಿಲೇರುವ ಮುನ್ನ ಅಭ್ಯಾಸ ಮುಗಿಸುವುದು ಲೇಸು. ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನಗಳು ಬೇಕು.

ಸಿದ್ಧತೆಗೆ ಎಂಟು ಹತ್ತು ವಾರಗಳಾದರೂ ಇರಲಿ. ವಾರಕ್ಕೆ ಮೂರು ನಾಲ್ಕು ದಿನ ಓಡಿದರೆ ಸಾಕು. ಹೆಚ್ಚಿನ ದಿನಗಳಲ್ಲಿ, ಜೊತೆಗಾರನೊಡನೆ ಮಾತನಾಡುತ್ತ ಓಡಬಲ್ಲಷ್ಟೇ ವೇಗವಿರಬೇಕು. ಇಂತಹ ನಿಧಾನದ ಓಟದಿಂದ ಖಂಡಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ, ಜೀವಕೋಶದ ಒಲೆಗಳಂತಿರುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ವಾರಕ್ಕೊಂದು ದಿನ ಬಿರುಸಿನ ಓಟವಿರಲಿ. ಹೃದಯ ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ತಡವಾಗಿ. ಆದುದರಿಂದ ದೂರವನ್ನು ಸ್ವಲ್ಪಸ್ವಲ್ಪವಾಗಿಯೇ ಏರಿಸಬೇಕು.

ಪಂದ್ಯದ ದಿನ ಸಮವೇಗವೇ ಸೂತ್ರ. ಉಗಾಂಡದ ಜೋಷುವಾ ಚೆಪ್ಟೆಗೈ 2020ರಲ್ಲಿ ವೇಲೆನ್ಸಿಯ ನಗರದಲ್ಲಿ 10,000 ಮೀಟರನ್ನು 26 ನಿಮಿಷ 11 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದಾಗ 25 ಸುತ್ತುಗಳಲ್ಲಿ ಒಂದೊಂದಕ್ಕೂ ಸರಾಸರಿ ಸುಮಾರು 63 ಸೆಕೆಂಡು ಹಿಡಿಯಿತು; ಅವರ ಓಟದ ಎರಡು ಅರ್ಧಗಳೂ ಹೆಚ್ಚುಕಡಮೆ ಸಮವಾಗಿದ್ದವು. ಒಂದು ಗಂಟೆಯಲ್ಲಿ ಮುಗಿಸಬಯಸುವ ವಿದ್ಯಾರ್ಥಿ ಮೊದಲ ಕಿಲೋಮೀಟರಿಗೆ ಆರು ನಿಮಿಷಕ್ಕಿಂತ ಕಡಮೆ ತೆಗೆದುಕೊಳ್ಳದಿರಲಿ. ತಲೆಸುತ್ತು, ಚಳಿ ಚಳಿಯೆನಿಸುವುದು, ಬುದ್ಧಿ ಮಂಕಾಗುವುದು ಕಂಡುಬಂದರೆ ಓಟವನ್ನು ತಕ್ಷಣ ನಿಲ್ಲಿಸಬೇಕು. ನೆರಳಿಗೆ ಸೇರಿಸಿ, ಮೈಗೆ ತಣ್ಣೀರು ಸುರಿದು, ವೈದ್ಯರನ್ನು ಕರೆಯಬೇಕು. ಹಟದಿಂದ ಮುಂದುವರಿದರೆ ಪ್ರಾಣಕ್ಕೇ ಅಪಾಯ.

ಅಭ್ಯಾಸಕ್ಕೆ ತೊಡಗುವವರು ದಿನವೂ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷದ ನಾಡಿಬಡಿತವನ್ನು ಎಣಿಸಿ ಬರೆದಿಡಲಿ. ಕೆಲವು ವಾರಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತ ಬರುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ನೂಕಲು ಕಲಿತಿದೆ ಎಂಬುದಕ್ಕೆ ಅದು ಗುರುತು.