ನಮಗೇಕೆ ತುಕ್ಕು ಹಿಡಿಯುವುದಿಲ್ಲ?

ಮುಂಬಯಿಯ ಮಳೆ ನಾಲ್ಕು ತಿಂಗಳು ಹೊಡೆಯಿತೆಂದರೆ ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಯಿತೆಂದೇ ಲೆಕ್ಕ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಆಗುವುದೇ ಅದು. ಆದರೆ ಈ ಮೂರೂ ನಮ್ಮ ಮೈಯೊಳಗೂ ಇವೆಯಲ್ಲ! ದೊಡ್ಡವರ ದೇಹದಲ್ಲಿ 3-4 ಗ್ರಾಂ ಕಬ್ಬಿಣವಿದೆ. ಬಹುಪಾಲು ರಕ್ತದ ಕೆಂಪುಕಣಗಳಲ್ಲಿ. ಉಸಿರಿನ ಆಮ್ಲಜನಕವೂ ಅಲ್ಲಿಗೇ ಹೋಗುತ್ತದೆ. ಹಾಗಾದರೆ ನಮಗೇಕೆ ತುಕ್ಕು ಹಿಡಿಯುವುದಿಲ್ಲ?

ಹಿಡಿಯುತ್ತಲೇ ಇರುತ್ತದೆ, ದೇಹ ಅದನ್ನು ಕೆರೆದು ಹಾಕುತ್ತಲೂ ಇರುತ್ತದೆ. ಅಷ್ಟೇ ಗುಟ್ಟು.

ಪ್ರೋಟೀನುಗಳಲ್ಲಿ ಅಲ್ಲಲ್ಲಿ ಗಂಧಕವಿದೆ. ಆಮ್ಲಜನಕದಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡಿನಂಥ ಪುಂಡ ವಸ್ತುಗಳು ಅದರ ಮೇಲೆ ಬೀಳುತ್ತವೆ. ಆಗ ಗ್ಲುಟಾಥಯೋನ್ ಎಂಬ ಪುಟ್ಟ ಅಣು ಗಂಧಕಕ್ಕೆ ಅಂಟಿ ಮುಚ್ಚಳದಂತೆ ಕಾಯುತ್ತದೆ. ಅಪಾಯ ಕಳೆದ ಮೇಲೆ ಮುಚ್ಚಳ ತೆಗೆಯಬೇಡವೇ? ಅದು ಗ್ಲುಟಾರೆಡಾಕ್ಸಿನ್ ಎಂಬ ಪ್ರೋಟೀನಿನ ಕೆಲಸ. ಸ್ವೀಡನ್ನಿನ ಆರ್ನೆ ಹೋಲ್ಮ್‌ಗ್ರೆನ್ 1976ರಲ್ಲಿ ಇದನ್ನು ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು.

ಇದರ ಕುಟುಂಬದ ಇನ್ನೊಬ್ಬ ಸದಸ್ಯ ಗ್ಲುಟಾರೆಡಾಕ್ಸಿನ್-5. ಇದು ಕಬ್ಬಿಣ-ಗಂಧಕದ ಸಣ್ಣ ಗೊಂಚಲುಗಳನ್ನು ಹೊತ್ತು ಸರಿಯಾದ ಜಾಗಕ್ಕೆ ಮುಟ್ಟಿಸುತ್ತದೆ. ಇದು ಕೆಟ್ಟರೆ ಕಬ್ಬಿಣವಿದ್ದೂ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದು. 2005ರಲ್ಲಿ ಒಂದು ಜಾತಿಯ ಮೀನಿನಲ್ಲಿ, 2007ರಲ್ಲಿ ಒಬ್ಬ ರೋಗಿಯಲ್ಲಿ ಇದು ತಿಳಿದುಬಂತು. ರಕ್ತಹೀನತೆ ಎಂದರೆ ಕಬ್ಬಿಣದ ಕೊರತೆಯೇ ಎಂದು ತಿಳಿಯುವ ಹಾಗಿಲ್ಲ.

ಈಗ ನಮ್ಮೂರಿನ ಮಾತು. ಗ್ಲುಟಾರೆಡಾಕ್ಸಿನ್ ತನ್ನ ಶಕ್ತಿಯನ್ನು ಗ್ಲುಟಾಥಯೋನಿನಿಂದ ಕಡ ತರುತ್ತದೆ. ಗ್ಲುಟಾಥಯೋನ್ ಎನ್‌ಎಡಿಪಿಎಚ್ ಎಂಬ ಅಣುವಿನಿಂದ. ಆ ಅಣುವನ್ನು ಸಕ್ಕರೆಯಿಂದ ಹೊರಡಿಸುವುದು ಜಿ6ಪಿಡಿ ಎಂಬ ಕಿಣ್ವ. ಬೇರೆ ಜೀವಕೋಶಗಳಿಗೆ ಇತರ ದಾರಿಗಳೂ ಇವೆ. ಕೆಂಪುಕಣಕ್ಕೆ ಇದೊಂದೇ ಅಂಗಡಿ! ಅದು ಮುಚ್ಚಿದರೆ ಸಾಲದ ಸರಪಳಿಯೇ ಕಡಿದು, ಕಣಗಳು ಒಡೆಯುತ್ತವೆ. ಮೈ ಹಳದಿಯಾಗುತ್ತದೆ, ಮೂತ್ರ ಕಪ್ಪಾಗುತ್ತದೆ.

ಪ್ರಿಮಾಕ್ವಿನ್ ಎಂಬ ಮಲೇರಿಯಾ ಔಷಧಿಯಿಂದ ಕೆಲವರಿಗೆ ಹೀಗಾಗುವುದು ಈ ಕಿಣ್ವದ ಕೊರತೆಯಿಂದಲೇ ಎಂದು ಅಮೆರಿಕದಲ್ಲಿ 1956ರಲ್ಲಿ ತಿಳಿಯಿತು. 1963ರಲ್ಲಿ ಬಕ್ಷಿ, ಸಂಘವಿ ಮೊದಲಾದವರು ಮುಂಬಯಿಯ ಪಾರ್ಸಿ ಸಮಾಜದಲ್ಲಿ ಈ ಕೊರತೆಯನ್ನು ವರದಿ ಮಾಡಿದರು. ಪಾರ್ಸಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ದೇಶದ ಅನೇಕ ಸಮುದಾಯಗಳಲ್ಲಿ ಇದೆ. ತಾಯಿಯ ಕಡೆಯಿಂದ ಬರುವುದರಿಂದ ಗಂಡುಮಕ್ಕಳಲ್ಲಿ ಹೆಚ್ಚು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ರಕ್ತಸಂಶೋಧನಾ ಸಂಸ್ಥೆ ಇಂಥ ರಕ್ತದೋಷಗಳನ್ನೇ ಅಭ್ಯಾಸ ಮಾಡುತ್ತದೆ.

ಹೀಗಾಗಿ ವೈವಾಕ್ಸ್ ಮಲೇರಿಯಾಕ್ಕೆ 14 ದಿನದ ಪ್ರಿಮಾಕ್ವಿನ್ ಬರೆದುಕೊಟ್ಟರೆ, "ಡಾಕ್ಟ್ರೇ, ಜಿ6ಪಿಡಿ ನೋಡಬೇಕಾ?" ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ಅಪಾಯ ನಮ್ಮ ಟ್ರಂಕಿನಲ್ಲೇ ಇದೆ: ನುಸಿಗುಳಿಗೆ, ಅಂದರೆ ನೆರೆಮನೆಯವರ ಡಾಂಬರ್ ಗೋಳಿ. ಅದರ ನ್ಯಾಫ್ತಲೀನ್ ಕೂಡ ಇದೇ ಅನಾಹುತ ಮಾಡಬಲ್ಲದು. ಮನೆಯಲ್ಲಿ ಕೂಸು ಹುಟ್ಟಿದಾಗ ಅಜ್ಜಿ ಪ್ರೀತಿಯಿಂದ ಟ್ರಂಕು ತೆರೆದು ಹಳೇ ಮೆತ್ತನೆಯ ಸೀರೆ ತೆಗೆಯುತ್ತಾಳೆ. ಅದರಲ್ಲಿ ನುಸಿಗುಳಿಗೆಯ ವಾಸನೆಯಿದ್ದರೆ ಕೂಸಿಗೆ ಸುತ್ತಗೊಡಬೇಡಿ. ಕೊರತೆಯಿರುವ ಕೂಸು ಯಾವುದೆಂದು ಮುಖ ನೋಡಿ ಹೇಳಲಾಗದು. ಅಜ್ಜಿಗೆ ಗ್ಲುಟಾರೆಡಾಕ್ಸಿನ್ ಗೊತ್ತಿರಬೇಕಾಗಿಲ್ಲ, ಆದರೆ ಕಾರಣವನ್ನು ಕನ್ನಡದಲ್ಲಿ ತಿಳಿಸಿ ಹೇಳಲು ನಮಗೆ ಗೊತ್ತಿರಬೇಕು.