ಸೈಕಲ್ ಹಾದಿಗೆ ಅಡ್ಡ ಬರುವ ಕಾಡುಜೀವಿಗಳು

ದಕ್ಷಿಣ ಬೆಂಗಳೂರಿನಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವವರಿಗೆ ಹಾವು, ಹದ್ದು, ಕೋತಿ, ಮುಂಗುಸಿಗಳು ಎದುರಾಗುವುದು ಅಪರೂಪವೇನಲ್ಲ. ಜಯನಗರದ ಸಾಲುಮರಗಳು, ಜೆ.ಪಿ. ನಗರದ ಪುಟ್ಟೇನಹಳ್ಳಿ ಮತ್ತು ಸಾರಕ್ಕಿ ಕೆರೆಗಳು, ಬಿಟಿಎಂ ಲೇಔಟ್ ಪಕ್ಕದ ಮಡಿವಾಳ ಕೆರೆ, ಬನಶಂಕರಿ 6ನೇ ಹಂತದ ಅಂಚಿನ ತುರಹಳ್ಳಿ ಕಾಡು ಇವೆಲ್ಲ ಬಡಾವಣೆಗಳ ನಡುವೆ ಪ್ರಾಣಿಪಕ್ಷಿಗಳಿಗೆ ಉಳಿದಿರುವ ನೆಲೆಗಳು. ಇನ್ನೂ ದಕ್ಷಿಣಕ್ಕೆ ಹೋದರೆ 1974ರಲ್ಲಿ ಘೋಷಣೆಯಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಸುಮಾರು 260 ಚದರ ಕಿ.ಮೀ. ಹರಡಿರುವ ಈ ಕಾಡಿನ ಅಂಚಿಗೇ ನಗರ ಬಂದು ನಿಂತಿದೆ.

ಇಂಥ ಭೇಟಿಗಳು ಹಠಾತ್ತಾಗಿ ಆಗುವುದಕ್ಕೆ ಸೈಕಲ್ಲಿನ ಸ್ವಭಾವವೂ ಕಾರಣ. ಕಾರು, ಬೈಕು ಬರುವುದನ್ನು ಪ್ರಾಣಿ ಸದ್ದಿನಿಂದಲೇ ತಿಳಿಯುತ್ತದೆ. ನಡೆದು ಬರುವವನ ವೇಗ ಕಡಿಮೆಯಾದ್ದರಿಂದ ದೂರ ಸರಿಯಲು ಅದಕ್ಕೆ ಸಮಯ ಸಿಗುತ್ತದೆ. ಸೈಕಲ್ಲಿಗಾದರೋ ಸದ್ದಿಲ್ಲ, ವೇಗವಿದೆ. 2016ರ ಜೂನ್‌ನಲ್ಲಿ ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬಳಿ ಕಾಡುಹಾದಿಯಲ್ಲಿ ವೇಗವಾಗಿ ಬರುತ್ತಿದ್ದ ಸೈಕಲ್ ಸವಾರನೊಬ್ಬ ತಿರುವಿನಲ್ಲಿ ಗ್ರಿಜ್ಲಿ ಕರಡಿಗೆ ಡಿಕ್ಕಿ ಹೊಡೆದು, ಅದರ ದಾಳಿಯಲ್ಲಿ ಸತ್ತ. ಮುಂದೇನಿದೆ ಎಂದು ಕಾಣದ ತಿರುವಿನಲ್ಲಿ ನಿಧಾನಿಸಬೇಕೆಂಬ ಮಾತು ತುರಹಳ್ಳಿಯ ಹಾದಿಗೂ ಸಲ್ಲುತ್ತದೆ.

ಬಡಾವಣೆಯೊಳಗೆ ಸವಾರನ ಮೇಲೆ ನೇರವಾಗಿ ಎರಗುವ ಹಕ್ಕಿ ಎಂದರೆ ಹದ್ದು. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಅದು ದೊಡ್ಡ ಮರಗಳಲ್ಲೂ ಎತ್ತರದ ಕಂಬಗಳಲ್ಲೂ ಗೂಡು ಕಟ್ಟುತ್ತದೆ. ಗೂಡಿನಲ್ಲಿ ಮರಿಯಿದ್ದಾಗ ಕೆಳಗೆ ಹಾದುಹೋಗುವವರ ತಲೆಗೆ ಹಿಂದಿನಿಂದ ಬಂದು ಉಗುರು ತಾಗಿಸುವುದುಂಟು. ಆಸ್ಟ್ರೇಲಿಯಾದಲ್ಲಿ ಮ್ಯಾಗ್‌ಪೈ ಹಕ್ಕಿ ಸೈಕಲ್ ಸವಾರರನ್ನು ಅಟ್ಟಿಸಿಕೊಂಡು ಬರುವುದೂ ಇದೇ ಕಾರಣಕ್ಕೆ. ಮರಿಗಳು ಹಾರಿದ ಮೇಲೆ ಈ ಉಪಟಳ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಹೆಲ್ಮೆಟ್ ಹಾಕಿಕೊಂಡು, ಬೇರೆ ಬೀದಿ ಹಿಡಿದರೆ ಸಾಕು.

ಹಾವುಗಳು ಹೆಚ್ಚಾಗಿ ಎದುರಾಗುವುದು ಕೆರೆಯಂಚಿನಲ್ಲಿ, ಖಾಲಿ ಸೈಟುಗಳ ಬಳಿ. ಇಲಿಯ ಬೆನ್ನು ಹತ್ತಿ ಬರುವ ಕೇರೆಹಾವು ವಿಷರಹಿತ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ವಿಷಕಾರಿ. ಹಗಲಿನ ಬಿಸಿಲು ಹೀರಿದ ಡಾಂಬರು ಸಂಜೆಯಾದರೂ ಬೆಚ್ಚಗಿರುವುದರಿಂದ ಹಾವುಗಳು ರಸ್ತೆಗೆ ಬಂದು ಮಲಗುವುದುಂಟು. ಅವು ಅಪಾಯವನ್ನು ಬಹುಮಟ್ಟಿಗೆ ನೆಲದ ಕಂಪನದಿಂದ ಅರಿಯುತ್ತವೆ. ಸೈಕಲ್ ಬೆಲ್ಲಿನ ಕೀರಲು ಸದ್ದು ಅವಕ್ಕೆ ತಲುಪದು. ಹಾಗಾಗಿ ಹಾವು ಕಂಡಾಗ ದೂರದಲ್ಲೇ ನಿಂತು, ಅದು ದಾಟುವವರೆಗೆ ಕಾಯುವುದು ಒಳ್ಳೆಯದು. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಸಲ್ಲದು. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ಕೋತಿಗಳ ಕಣ್ಣು ಹ್ಯಾಂಡಲ್ಲಿಗೆ ತೂಗುಹಾಕಿದ ತಿಂಡಿಯ ಚೀಲದ ಮೇಲಿರುತ್ತದೆ. ದಿಟ್ಟಿಸಿ ನೋಡುವುದು, ಹಲ್ಲು ತೋರಿಸಿ ನಗುವುದು ಅವಕ್ಕೆ ಬೆದರಿಕೆಯಾಗಿ ಕಾಣುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ರೇಬಿಸ್ ಲಸಿಕೆಗಾಗಿ ವೈದ್ಯರನ್ನು ಕಾಣಬೇಕು.

ನಗರದ ಅಂಚಿನ ಭೇಟಿಗಳ ಬಗೆಯೇ ಬೇರೆ. ತುರಹಳ್ಳಿ, ಕನಕಪುರ ರಸ್ತೆ, ಬನ್ನೇರುಘಟ್ಟದ ಸುತ್ತ ಚಿರತೆಗಳಿವೆ. 2023ರ ಅಕ್ಟೋಬರ್ ಕೊನೆಯಲ್ಲಿ ಚಿರತೆಯೊಂದು ಹೊಸೂರು ರಸ್ತೆಯ ಕೂಡ್ಲು ಗೇಟ್‌ವರೆಗೂ ಬಂದಿತ್ತು; ನವೆಂಬರ್ 1ರಂದು ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಸತ್ತಿತು. ಚಿರತೆ ಇರುಳಿನ ಬೇಟೆಗಾರ, ಸಾಮಾನ್ಯವಾಗಿ ಮನುಷ್ಯರಿಂದ ದೂರವೇ ಉಳಿಯುತ್ತದೆ. ಆದರೆ ಬೆನ್ನು ತಿರುಗಿಸಿ ಓಡುವುದನ್ನು ಕಂಡರೆ ಬೆನ್ನಟ್ಟುವ ಸಹಜ ಪ್ರವೃತ್ತಿ ಅದಕ್ಕಿದೆ. ಎದುರಾದರೆ ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು, ನೆಟ್ಟಗೆ ನಿಂತು, ಜೋರಾಗಿ ಕೂಗುತ್ತಾ ಹಿಂದೆ ಸರಿಯಬೇಕು. ಆನೆಯ ವಿಷಯದಲ್ಲಿ ಈ ಕ್ರಮ ನಡೆಯದು. ಬನ್ನೇರುಘಟ್ಟದಿಂದ ಕಾವೇರಿ ವನ್ಯಧಾಮದ ಕಡೆಗೂ ಹೊಸೂರಿನ ಕಾಡುಗಳಿಗೂ ಓಡಾಡುವ ಆನೆಗಳು ರಾಗಿಹಳ್ಳಿಯ ಸುತ್ತಲಿನ ದಾರಿಗಳನ್ನು ದಾಟುತ್ತವೆ. ಆನೆ ಕಂಡಾಗ ಗದ್ದಲ ಮಾಡದೆ, ಬೆಲ್ ಬಾರಿಸದೆ, ಬಂದ ದಾರಿಯಲ್ಲೇ ಹಿಂದಿರುಗಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳನ್ನು ಹಿಡಿಯುವುದಾಗಲಿ ಕೊಲ್ಲುವುದಾಗಲಿ ಅಪರಾಧ. ಗಾಯಗೊಂಡ ಅಥವಾ ದಾರಿ ತಪ್ಪಿದ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಬಹುದು. ಇನ್ನು ಸವಾರರು ಕಾಡಂಚಿನ ರಸ್ತೆಗಳಿಗೆ ಬೆಳಕು ಹರಿದ ಮೇಲೆ, ಜೊತೆಗೂಡಿ ಹೋಗಲಿ. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ಕಾಲಿಡದಿರಲಿ. ಫೋಟೊ ತೆಗೆಯುವ ಆಸೆಗೆ ಹತ್ತಿರ ಹೋಗದಿರಲಿ.